ಕದಲದ ರೇಡಾರ್‌ಗೆ ದಾರಿ ತೋರಿದ ಮೇಷ್ಟ್ರು: ಫರ್ಡಿನಾಂಡ್ ಬ್ರೌನ್ ಬದುಕಿನ ಕಥೆ

ಯುದ್ಧ ವಿಮಾನದ ಚೂಪು ಮೂತಿಯೊಳಗೆ ಏನಿರುತ್ತೆ? ಬಹಳ ಜನ ಬಂದೂಕು ಅಂದ್ಕೊಂಡಿರ್ತಾರೆ. ಅಲ್ಲಿರೋದು ರೇಡಾರ್. ಹಳೇ ವಿಮಾನಗಳಲ್ಲಿ ಅದು ಮೋಟಾರ್ ಮೇಲೆ ಕೂತು ಎಡಕ್ಕೂ ಬಲಕ್ಕೂ ತಿರುಗುತ್ತಿದ್ದ ತಟ್ಟೆ. ಈಗಿನ ರಫೇಲ್‌ನಂಥ ವಿಮಾನದಲ್ಲಿ ಆ ತಟ್ಟೆ ತಿರುಗುವುದೇ ಇಲ್ಲ. ಗೋಡೆಗೆ ಹೊಡೆದ ಹಲಗೆ ಥರ ಕದಲದೆ ನಿಂತಿರುತ್ತೆ. ಆದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ನೋಟ ಹತ್ತಾರು ದಿಕ್ಕಿಗೆ ಹೋಗಿ ಬರುತ್ತೆ. ಇದಕ್ಕೆ ಆಕ್ಟಿವ್ ಎಲೆಕ್ಟ್ರಾನಿಕಲಿ ಸ್ಕ್ಯಾನ್ಡ್ ಅರೇ ರೇಡಾರ್ ಅಂತ ಉದ್ದದ ಹೆಸರು. ಚಿಕ್ಕದಾಗಿ ಏಸಾ ರೇಡಾರ್.

ಈ ಉಪಾಯ ಹೊಸದು ಅನ್ನಿಸಬಹುದು. ಆದರೆ ಇದರ ಮೂಲ ಪ್ರಯೋಗ ನಡೆದದ್ದು 1905ರಲ್ಲಿ. ರೈಟ್ ಸಹೋದರರ ವಿಮಾನ ನೆಲ ಬಿಟ್ಟು ಆಗಿನ್ನೂ ಎರಡೇ ವರ್ಷವಾಗಿತ್ತು. ರೇಡಾರ್ ಅನ್ನೋ ಪದವೂ ಹುಟ್ಟಿರಲಿಲ್ಲ. ಪ್ರಯೋಗ ಮಾಡಿದವರು ಜರ್ಮನಿಯ ಭೌತಶಾಸ್ತ್ರದ ಮೇಷ್ಟ್ರು ಕಾರ್ಲ್ ಫರ್ಡಿನಾಂಡ್ ಬ್ರೌನ್. ಮಾರ್ಕೋನಿ ಜೊತೆ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು. ಮಾರ್ಕೋನಿ ಹೆಸರು ಶಾಲೆ ಮಕ್ಕಳಿಗೂ ಗೊತ್ತು. ಬ್ರೌನ್ ಹೆಸರು ಹೇಳುವವರು ಕಡಿಮೆ. ಹಳೇ ರೇಡಾರ್‌ನ ಪರದೆ, ಅದರ ಸಣ್ಣ ಹರಳು, ಈಗಿನ ರೇಡಾರ್‌ನ ತಿರುಗದೆ ತಿರುಗುವ ಕಿರಣ, ಈ ಮೂರಕ್ಕೂ ಮೊದಲ ಹೆಜ್ಜೆ ಇಟ್ಟವರು ಈ ಒಬ್ಬರೇ ಮನುಷ್ಯ.

ಶಾಲೆ ಮೇಷ್ಟ್ರ ಹರಳು

ಬ್ರೌನ್ ಹುಟ್ಟಿದ್ದು 1850ರ ಜೂನ್ 6ರಂದು, ಜರ್ಮನಿಯ ಫುಲ್ಡಾ ಎಂಬ ಊರಿನಲ್ಲಿ. ಅಲ್ಲೇ ಶಾಲೆ ಮುಗಿಸಿ ಮಾರ್ಬುರ್ಗ್ ಮತ್ತು ಬರ್ಲಿನ್‌ನಲ್ಲಿ ಓದಿದರು. 1872ರಲ್ಲಿ ಡಾಕ್ಟರೇಟ್ ಸಿಕ್ಕಿತು. ವಿಷಯ ತಂತಿಗಳ ಕಂಪನ. ವೀಣೆ ತಂತಿ ಮೀಟಿದರೆ ಹೇಗೆ ಅದುರುತ್ತೆ ಅನ್ನುವಂಥ ಲೆಕ್ಕ. ಅಲೆ ಅಂದ್ರೆ ಏನು, ಎರಡು ಅಲೆ ಕೂಡಿದರೆ ಏನಾಗುತ್ತೆ ಅನ್ನೋದು ಅವರ ತಲೆಗೆ ಹೊಕ್ಕಿದ್ದು ಅಲ್ಲಿಂದಲೇ. ಮುಂದೆ ಇಡೀ ಜೀವನ ಅವರ ಕೈ ಹಿಡಿದದ್ದೂ ಅದೇ.

ಡಾಕ್ಟರೇಟ್ ಬಂತು ಅಂತ ದೊಡ್ಡ ಕೆಲಸವೇನೂ ಕಾದು ಕೂತಿರಲಿಲ್ಲ. ಸ್ವಲ್ಪ ಕಾಲ ಪ್ರೊಫೆಸರ್ ಕ್ವಿಂಕೆ ಅವರಿಗೆ ಸಹಾಯಕರಾಗಿದ್ದು, 1874ರಲ್ಲಿ ಲೈಪ್ಜಿಗ್‌ನ ಸೇಂಟ್ ಥಾಮಸ್ ಶಾಲೆಯಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದರು. ಆಗ ವಯಸ್ಸು 24. ಶಾಲೆ ಕೆಲಸ ಮಾಡಿಕೊಂಡೇ ಪ್ರಯೋಗಗಳನ್ನೂ ನಡೆಸುತ್ತಿದ್ದರು.

ಅದೇ ವರ್ಷ ಒಂದು ವಿಚಿತ್ರ ಅವರ ಕಣ್ಣಿಗೆ ಬಿತ್ತು. ಗೆಲೀನಾ ಅಂತ ಸೀಸದ ಅದಿರು ಇದೆ. ಹೊಳೆಯುವ ಕಲ್ಲು. ಅದಕ್ಕೆ ಒಂದು ಕಡೆಯಿಂದ ಲೋಹದ ಚೂಪು ತುದಿ ತಾಗಿಸಿ ವಿದ್ಯುತ್ ಹರಿಸಿದರು. ಒಂದು ದಿಕ್ಕಿಗೆ ವಿದ್ಯುತ್ ಸಲೀಸಾಗಿ ಹೋಯಿತು. ಉಲ್ಟಾ ದಿಕ್ಕಿಗೆ ಹರಿಸಿದರೆ ಕಡಿಮೆಯಾಯಿತು. ತಾಮ್ರದ ತಂತಿಯಲ್ಲಿ ಹೀಗೆ ಯಾವತ್ತೂ ಆಗಲ್ಲ. ನೀರಿನ ಪಂಪಿಗೆ ಹಾಕುವ ಫುಟ್‌ವಾಲ್ವ್ ನೀರನ್ನು ಒಂದೇ ಕಡೆ ಬಿಡುತ್ತಲ್ಲ, ಹೆಚ್ಚುಕಮ್ಮಿ ಹಾಗೆ. ಇವತ್ತು ಡಯೋಡ್ ಅಂತ ಕರೆಯುವ ವಸ್ತುವಿನ ಗುಣ ಅದು.

ಬ್ರೌನ್ ಅದನ್ನು ಬರೆದು ಪ್ರಕಟಿಸಿದರು. ಯಾಕೆ ಹೀಗಾಗುತ್ತೆ ಅಂತ ಆ ಕಾಲದಲ್ಲಿ ಯಾರೂ ಹೇಳುವಂತಿರಲಿಲ್ಲ. ಏನು ಉಪಯೋಗ ಅಂತಲೂ ಗೊತ್ತಿರಲಿಲ್ಲ. ಕಾಲು ಶತಮಾನ ಕಳೆದ ಮೇಲೆ ರೇಡಿಯೊ ಬಂದಾಗ ಅದೇ ಹರಳು ಸಿಗ್ನಲ್ ಹಿಡಿಯುವ ಕೆಲಸಕ್ಕೆ ಬಂತು. ಎರಡನೇ ಮಹಾಯುದ್ಧದ ರೇಡಾರ್‌ಗಳಲ್ಲಿ ಸಿಲಿಕಾನ್ ಚೂರಿಗೆ ಚೂಪು ತಂತಿ ತಾಗಿಸಿದ ಡಯೋಡ್ ಇತ್ತು. ಬ್ರೌನ್ ಮಾಡಿದ್ದ ಜೋಡಣೆಯ ವಂಶವೇ ಅದು.

ಊರೂರು ಸುತ್ತಿದ ಪ್ರೊಫೆಸರ್

ಶಾಲೆಯಿಂದ ವಿಶ್ವವಿದ್ಯಾಲಯಕ್ಕೆ ಹೋದ ಮೇಲೂ ಒಂದೇ ಕಡೆ ನಿಲ್ಲಲಿಲ್ಲ. ಮಾರ್ಬುರ್ಗ್, 1880ರಲ್ಲಿ ಸ್ಟ್ರಾಸ್‌ಬುರ್ಗ್, 1883ರಲ್ಲಿ ಕಾರ್ಲ್ಸ್‌ರುಹೆ, 1885ರಲ್ಲಿ ಟ್ಯೂಬಿಂಗನ್. ಆ ವರ್ಷವೇ ಅಮೆಲಿ ಬ್ಯೂಲರ್ ಅವರ ಜೊತೆ ಮದುವೆಯಾಯಿತು. ಇಬ್ಬರು ಗಂಡು, ಇಬ್ಬರು ಹೆಣ್ಣುಮಕ್ಕಳು.

ಕಾರ್ಲ್ಸ್‌ರುಹೆಯಲ್ಲಿ ಬ್ರೌನ್ ಬಿಟ್ಟುಹೋದ ಜಾಗಕ್ಕೆ ಬಂದವರು ಹೈನ್ರಿಕ್ ಹರ್ಟ್ಜ್. ಕೆಲವೇ ವರ್ಷಗಳಲ್ಲಿ ಹರ್ಟ್ಜ್ ಅದೇ ಊರಲ್ಲಿ ರೇಡಿಯೊ ಅಲೆಗಳನ್ನು ಮಾಡಿ ತೋರಿಸಿದರು. ಎಫ್‌ಎಂ ಸ್ಟೇಷನ್ ಹೆಸರಿನ ಜೊತೆ ಮೆಗಾಹರ್ಟ್ಜ್ ಅಂತಾರಲ್ಲ, ಆ ಹರ್ಟ್ಜ್ ಇವರೇ. ಬ್ರೌನ್ ಆ ಹೊತ್ತಿಗೆ ಟ್ಯೂಬಿಂಗನ್‌ನಲ್ಲಿ ಭೌತಶಾಸ್ತ್ರಕ್ಕೆ ಹೊಸ ಸಂಸ್ಥೆ ಕಟ್ಟಿಸುವ ಜವಾಬ್ದಾರಿ ಹೊತ್ತಿದ್ದರು.

1895ರಲ್ಲಿ ಸ್ಟ್ರಾಸ್‌ಬುರ್ಗ್‌ಗೆ ವಾಪಸ್ ಬಂದರು, ಭೌತಶಾಸ್ತ್ರ ಸಂಸ್ಥೆಯ ಮುಖ್ಯಸ್ಥರಾಗಿ. ಈಗ ಆ ಊರು ಫ್ರಾನ್ಸ್‌ನಲ್ಲಿದೆ. ಆಗ ಜರ್ಮನಿಯ ಕೈಯಲ್ಲಿತ್ತು. ಲೈಪ್ಜಿಗ್ ವಿಶ್ವವಿದ್ಯಾಲಯ ಕರೆದರೂ ಬ್ರೌನ್ ಅಲ್ಲಿಂದ ಏಳಲಿಲ್ಲ.

ಅಂಗಡಿಯಲ್ಲಿದ್ದ ಡಬ್ಬಾ ಟಿವಿ ಶುರುವಾದದ್ದು ಇಲ್ಲಿಂದ

1897ರಲ್ಲಿ ಬ್ರೌನ್‌ಗೆ ಒಂದು ತೊಂದರೆ ಕಾಡುತ್ತಿತ್ತು. ಎಸಿ ವಿದ್ಯುತ್ ಸೆಕೆಂಡಿಗೆ ಎಷ್ಟೋ ಸಲ ದಿಕ್ಕು ಬದಲಿಸುತ್ತೆ. ಅದನ್ನು ಕಣ್ಣಲ್ಲಿ ನೋಡೋದು ಹೇಗೆ? ಮೀಟರ್ ಮುಳ್ಳಿಗೆ ಭಾರ ಇರುತ್ತೆ, ಅಷ್ಟು ವೇಗವಾಗಿ ಓಡಲ್ಲ. ಭಾರವೇ ಇಲ್ಲದಂಥ ಮುಳ್ಳು ಬೇಕಿತ್ತು.

ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ಒಂದು ತುದಿಯಿಂದ ಕ್ಯಾಥೋಡ್ ಕಿರಣ ಬಿಟ್ಟರು. ಇನ್ನೊಂದು ತುದಿಯ ಪರದೆಗೆ ಬಡಿದಾಗ ಅಲ್ಲಿ ಹೊಳೆಯುವ ಚುಕ್ಕೆ ಮೂಡಿತು. ಕೊಳವೆ ಹೊರಗೆ ತಂತಿ ಸುರುಳಿ ಇಟ್ಟು ವಿದ್ಯುತ್ ಹರಿಸಿದರೆ ಚುಕ್ಕೆ ಅದರ ತಾಳಕ್ಕೆ ಮೇಲೆ ಕೆಳಗೆ ಓಡಿತು. ಕಾಣದ ವಿದ್ಯುತ್ ಕಣ್ಣಿಗೆ ಕಾಣಿಸಿತು.

ಅದೇ ಪಿಕ್ಚರ್ ಟ್ಯೂಬಿನ ಅಜ್ಜ. ಮನೆ, ಹೋಟೆಲ್, ಟಿವಿ ರಿಪೇರಿ ಅಂಗಡಿಯಲ್ಲಿ ದಶಕಗಳ ಕಾಲ ಇದ್ದ ಡಬ್ಬಾ ಟಿವಿಯ ದಪ್ಪ ಗಾಜು, ಆಸ್ಪತ್ರೆಯ ಹಳೇ ಹೃದಯ ಬಡಿತದ ಪರದೆ, ರೇಡಾರ್ ಪರದೆ, ಎಲ್ಲ ಅದರ ಕುಲವೇ. ಜರ್ಮನಿ, ಜಪಾನ್‌ನಲ್ಲಿ ಅದಕ್ಕೆ ಬ್ರೌನ್ ಕೊಳವೆ ಅಂತಲೇ ಹೆಸರು. ಬ್ರೌನ್ ಮಾತ್ರ ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ವಿಜ್ಞಾನ ಪತ್ರಿಕೆಯಲ್ಲಿ ಬರೆದು ಎಲ್ಲರ ಮುಂದಿಟ್ಟರು.

ಚಾಕೊಲೇಟ್ ವ್ಯಾಪಾರಿಯ ದುಡ್ಡು, ಮೇಷ್ಟ್ರ ತಲೆ

ಅದೇ ಕಾಲದಲ್ಲಿ ಮಾರ್ಕೋನಿಯ ವೈರ್‌ಲೆಸ್ ಸುದ್ದಿ ಯುರೋಪ್ ತುಂಬ ಹಬ್ಬಿತ್ತು. ಆದರೆ ಅದು ಒಂದು ಹಂತಕ್ಕೆ ಬಂದು ನಿಂತಿತ್ತು. ಮಾರ್ಕೋನಿ ಕಿಡಿ ಹಾರಿಸುವ ಜಾಗವನ್ನು ನೇರವಾಗಿ ಆಂಟೆನಾ ತಂತಿಯಲ್ಲೇ ಇಟ್ಟಿದ್ದರು. ಕಿಡಿ ಹಾರಿದ ತಕ್ಷಣ ಅಲೆ ಸತ್ತುಹೋಗುತ್ತಿತ್ತು. ಒಡೆದ ಗಂಟೆ ಬಾರಿಸಿದ ಹಾಗೆ, ಟಣ್ ಅಂತ ನಾದ ಹಿಡಿಯುತ್ತಿರಲಿಲ್ಲ.

ಬ್ರೌನ್ 1898ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಮೊದಲು ನೀರಿನ ಮೂಲಕ ಸಂದೇಶ ಕಳಿಸಿ ನೋಡಿದರು. ಆಮೇಲೆ ಕಿಡಿಯನ್ನು ಆಂಟೆನಾದಿಂದ ಬಿಡಿಸಿ ಬೇರೆಯೇ ಸರ್ಕ್ಯೂಟಿಗೆ ಹಾಕಿದರು. ಅಲ್ಲಿ ಹುಟ್ಟಿದ ಅಲೆಯನ್ನು ಸುರುಳಿಯಿಂದ ಸುರುಳಿಗೆ, ಟ್ರಾನ್ಸ್‌ಫಾರ್ಮರ್ ರೀತಿ, ಆಂಟೆನಾಗೆ ದಾಟಿಸಿದರು. ಶಕ್ತಿ ಹೆಚ್ಚಾಯಿತು, ಅಲೆ ಹೆಚ್ಚು ಹೊತ್ತು ಉಳಿಯಿತು, ಒಂದೇ ಶ್ರುತಿಗೆ ಕೂರಿಸುವುದಕ್ಕೂ ಬಂತು. ಇದಕ್ಕೆ ಪೇಟೆಂಟ್ ತೆಗೆದುಕೊಂಡರು. ಮಾರ್ಕೋನಿ ಕೂಡ ಮುಂದೆ ಇಂಥದ್ದೇ ಜೋಡಣೆಗೆ ಬಂದರು.

ದುಡ್ಡು ಹಾಕಿದವರಲ್ಲಿ ಕೊಲೋನ್ ನಗರದ ಚಾಕೊಲೇಟ್ ಉದ್ಯಮಿ ಲುಡ್ವಿಗ್ ಸ್ಟೊಲ್‌ವೆರ್ಕ್ ಮುಖ್ಯರು. 1900ರಲ್ಲಿ ಕುಕ್ಸ್‌ಹಾವನ್ ತೀರದಿಂದ ಹೆಲ್ಗೊಲ್ಯಾಂಡ್ ದ್ವೀಪಕ್ಕೆ, ಸಮುದ್ರದ ಮೇಲೆ 62 ಕಿಲೋಮೀಟರ್ ದೂರ ಸಂದೇಶ ಮುಟ್ಟಿತು. 1903ರಲ್ಲಿ ಜರ್ಮನಿಯ ಪೈಪೋಟಿ ಕಂಪನಿಗಳೆಲ್ಲ ಸೇರಿ ಟೆಲಿಫುಂಕನ್ ಎಂಬ ಒಂದೇ ಕಂಪನಿಯಾಯಿತು. ಬ್ರೌನ್ ಅವರ ಪೇಟೆಂಟುಗಳೂ ಅದರೊಳಗೆ ಸೇರಿದವು. ಈ ಪೇಟೆಂಟುಗಳೇ ಮುಂದೆ ಅವರನ್ನು ಮನೆಯಿಂದ ದೂರ ಎಳೆದುಕೊಂಡು ಹೋದವು.

ಮೂರು ಕಂಬ, ಒಂದು ಕಾಲು ಸುತ್ತು

ಇನ್ನು 1905ಕ್ಕೆ ಬರೋಣ. ವೈರ್‌ಲೆಸ್‌ನಲ್ಲಿ ಉಳಿದಿದ್ದ ದೊಡ್ಡ ದೋಷ ಅಂದ್ರೆ ಅಲೆ ಎಲ್ಲ ದಿಕ್ಕಿಗೂ ಹರಡೋದು. ಸಂತೆಯಲ್ಲಿ ನಿಂತು ಕೂಗಿದ ಹಾಗೆ, ಬೇಕಾದವರಿಗೂ ಕೇಳಿಸುತ್ತೆ, ಬೇಡದವರಿಗೂ ಕೇಳಿಸುತ್ತೆ. ಶಕ್ತಿಯೂ ವ್ಯರ್ಥ. ಒಂದೇ ಕಡೆಗೆ ಕಳಿಸೋದು ಹೇಗೆ?

ಬ್ರೌನ್ ಮೂರು ಆಂಟೆನಾ ಕಂಬಗಳನ್ನು ತ್ರಿಕೋನದ ಮೂರು ಮೂಲೆಯಲ್ಲಿ ನಿಲ್ಲಿಸಿದರು. ಮೂರಕ್ಕೂ ವಿದ್ಯುತ್ ಕೊಟ್ಟರು. ಆದರೆ ಒಂದು ಕಂಬದ ಅಲೆಗೂ ಉಳಿದೆರಡರ ಅಲೆಗೂ ಕಾಲು ಸುತ್ತಿನಷ್ಟು ಹೊತ್ತಿನ ವ್ಯತ್ಯಾಸ ಇಟ್ಟರು. ಒಂದು ಕಡೆ ಮೂರರ ಅಲೆಗಳೂ ಕೂಡಿ ಜೋರಾದವು. ಇನ್ನೊಂದು ಕಡೆ ಒಂದನ್ನೊಂದು ಹೊಡೆದು ಕುಗ್ಗಿದವು. ವ್ಯತ್ಯಾಸ ಕೊಡುವ ಕಂಬವನ್ನು ಬದಲಿಸಿದರೆ ಜೋರು ದಿಕ್ಕೂ ಬದಲಾಯಿತು. ಕಂಬ ಮಾತ್ರ ಒಂದಿಂಚೂ ಅಲುಗಲಿಲ್ಲ. ಸ್ವಿಚ್ ಬದಲಿಸಿದರೆ ಸಾಕಿತ್ತು.

ಕೆರೆ ಏರಿ ಮೇಲೆ ನಿಂತರೆ ಇದು ಸುಲಭವಾಗಿ ಅರ್ಥವಾಗುತ್ತೆ. ಹತ್ತು ಜನ ಸಾಲಾಗಿ ನಿಂತು ಒಟ್ಟಿಗೇ ಒಂದೊಂದು ಕಲ್ಲು ನೀರಿಗೆ ಬಿಟ್ಟರೆ ಅಲೆಗಳು ಸೇರಿ ಒಂದೇ ಪಟ್ಟಿಯಾಗಿ ನೇರ ಮುಂದಕ್ಕೆ ಹೋಗುತ್ತವೆ. ಈಗ ಎಡಗಡೆಯವನು ಮೊದಲು, ಪಕ್ಕದವನು ಚೂರು ತಡವಾಗಿ, ಮುಂದಿನವನು ಇನ್ನೂ ಚೂರು ತಡವಾಗಿ ಬಿಟ್ಟರೆ? ಮೊದಲು ಬಿದ್ದ ಕಲ್ಲಿನ ಅಲೆ ಮುಂದೆ ಹೋಗಿರುತ್ತೆ, ಕೊನೆಯದ್ದು ಹಿಂದೆ ಇರುತ್ತೆ. ಪಟ್ಟಿ ಓರೆಯಾಗಿ ಬಲಕ್ಕೆ ವಾಲಿಕೊಂಡು ಹೊರಡುತ್ತೆ. ಯಾರೂ ಜಾಗ ಬಿಟ್ಟು ಕದಲಲಿಲ್ಲ. ತಡ ಮಾಡಿದ ಲೆಕ್ಕದಲ್ಲೇ ದಿಕ್ಕು ಬದಲಾಯಿತು.

ಮೂರು ಕಂಬದಿಂದ ಸಾವಿರ ಕಣ್ಣಿಗೆ

ಇವತ್ತಿನ ಏಸಾ ರೇಡಾರ್ ಇಷ್ಟೇ. ಮೂರು ಕಂಬದ ಬದಲು ವಿಮಾನದ ಮೂತಿಯಲ್ಲಿ ನೂರಾರು, ಕೆಲವದರಲ್ಲಿ ಸಾವಿರಕ್ಕೂ ಹೆಚ್ಚು ಪುಟ್ಟ ಆಂಟೆನಾಗಳು ಒತ್ತಾಗಿ ಕೂತಿರುತ್ತವೆ. ಒಂದೊಂದಕ್ಕೂ ಬೆನ್ನಿಗೆ ಒಂದು ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅಲೆ ಕಳಿಸುವುದೂ ಅದೇ, ತಿರುಗಿ ಬಂದ ಪ್ರತಿಧ್ವನಿ ಹಿಡಿಯುವುದೂ ಅದೇ, ಎಷ್ಟು ತಡ ಮಾಡಬೇಕು ಅಂತ ಕಂಪ್ಯೂಟರ್ ಹೇಳಿದ್ದನ್ನು ಪಾಲಿಸುವುದೂ ಅದೇ.

ಯುದ್ಧ ವಿಮಾನದ ರೇಡಾರ್ ಸಾಮಾನ್ಯವಾಗಿ ಬಳಸುವ ಅಲೆಯ ಉದ್ದ ಸುಮಾರು 3 ಸೆಂಟಿಮೀಟರ್. ಆಂಟೆನಾಗಳ ನಡುವೆ ಅದರ ಅರ್ಧ, ಅಂದ್ರೆ ಸುಮಾರು ಒಂದೂವರೆ ಸೆಂಟಿಮೀಟರ್ ಅಂತರ ಇರುತ್ತೆ. ಕಿರಣವನ್ನು 30 ಡಿಗ್ರಿ ಪಕ್ಕಕ್ಕೆ ವಾಲಿಸಬೇಕಾದರೆ ಪಕ್ಕಪಕ್ಕದ ಆಂಟೆನಾಗಳ ನಡುವೆ ಎಷ್ಟು ವ್ಯತ್ಯಾಸ ಬೇಕು? ಸರಿಯಾಗಿ ಕಾಲು ಸುತ್ತು. ಬ್ರೌನ್ ತಮ್ಮ ಕಂಬಗಳಿಗೆ ಕೊಟ್ಟ ಅಷ್ಟೇ ಅಳತೆ. ಹೊತ್ತಿನ ಲೆಕ್ಕದಲ್ಲಿ ಹೇಳಿದರೆ ಸೆಕೆಂಡಿನ 4,000 ಕೋಟಿಯಲ್ಲಿ ಒಂದು ಭಾಗ. ಇಷ್ಟು ಸಣ್ಣ ವ್ಯತ್ಯಾಸವನ್ನು ಸಾವಿರ ಪೆಟ್ಟಿಗೆಯಲ್ಲಿ ಒಟ್ಟಿಗೇ ನಿಭಾಯಿಸುವುದಕ್ಕೆ ಒಳ್ಳೆ ಚಿಪ್ ಬರಬೇಕಿತ್ತು. ಅದಕ್ಕೇ ಉಪಾಯ ಹೊಳೆದ ಮೇಲೂ ಯುದ್ಧ ವಿಮಾನಕ್ಕೆ ಬರಲು ಮುಕ್ಕಾಲು ಶತಮಾನ ಹಿಡಿಯಿತು.

ಮೊದಲು ಬಂದದ್ದು ಪ್ಯಾಸಿವ್ ಮಾದರಿ. ಅದರಲ್ಲಿ ಅಲೆ ಹುಟ್ಟಿಸುವ ದೊಡ್ಡ ಯಂತ್ರ ಒಂದೇ. ಅಲ್ಲಿಂದ ಎಲ್ಲ ಆಂಟೆನಾಗೂ ಹಂಚುತ್ತಾರೆ. 1981ರಲ್ಲಿ ಸೇವೆಗೆ ಬಂದ ಸೋವಿಯತ್ ಒಕ್ಕೂಟದ ಮಿಗ್-31 ಇಂಥ ರೇಡಾರ್ ಹೊತ್ತ ಮೊದಲ ಯುದ್ಧ ವಿಮಾನ. ಭಾರತದ ಸುಖೋಯ್-30 ಎಂಕೆಐ ವಿಮಾನದ ಬಾರ್ಸ್ ರೇಡಾರ್ ಕೂಡ ಇದೇ ಜಾತಿ. ಆಕ್ಟಿವ್ ಮಾದರಿಯಲ್ಲಿ ಪ್ರತಿ ಆಂಟೆನಾಗೂ ಅದರದ್ದೇ ಯಂತ್ರ. ಜಪಾನಿನ ಎಫ್-2, ಅಮೆರಿಕದ ಎಫ್-22, ಫ್ರಾನ್ಸಿನ ರಫೇಲ್ ಈ ಸಾಲಿಗೆ ಸೇರುತ್ತವೆ.

ಲಾಭ ಏನು? ಒಂದು, ವೇಗ. ಮುಂದಿನ ವಿಮಾನದ ಮೇಲೆ ಕಣ್ಣಿಟ್ಟುಕೊಂಡೇ ನಡುನಡುವೆ ಬೇರೆ ದಿಕ್ಕು ಹುಡುಕಬಹುದು, ನೆಲದ ಚಿತ್ರವನ್ನೂ ತೆಗೆಯಬಹುದು. ಎರಡು, ಬಾಳಿಕೆ. ತಿರುಗುವ ಬೇರಿಂಗ್, ಮೋಟಾರ್ ಕೆಟ್ಟರೆ ಹಳೇ ರೇಡಾರ್ ಕುರುಡಾಗುತ್ತಿತ್ತು. ಇಲ್ಲಿ ಹತ್ತಿಪ್ಪತ್ತು ಪೆಟ್ಟಿಗೆ ಸುಟ್ಟರೂ ಉಳಿದವು ಕೆಲಸ ನಡೆಸುತ್ತವೆ. ಸೀರಿಯಲ್ ಸೆಟ್ ಥರ ಒಂದು ಬಲ್ಬು ಹೋದರೆ ಎಲ್ಲ ಆರುವುದಿಲ್ಲ. ಮೂರು, ಗುಟ್ಟು. ಅಲೆಯ ಶ್ರುತಿಯನ್ನು ಕ್ಷಣಕ್ಷಣಕ್ಕೂ ಬದಲಿಸುವುದರಿಂದ ಶತ್ರುವಿಗೆ ಪತ್ತೆ ಮಾಡೋದೂ ಕಷ್ಟ, ಕೆಡಿಸೋದೂ ಕಷ್ಟ.

ಹಾಗಂತ ಕೊರತೆ ಇಲ್ಲ ಅಂತಲ್ಲ. ಪೆಟ್ಟಿಗೆಗಳು ವಿಪರೀತ ಬಿಸಿಯಾಗುತ್ತವೆ, ತಣ್ಣಗಿಡುವ ವ್ಯವಸ್ಥೆ ಬೇಕು. ಬೆಲೆ ಜಾಸ್ತಿ. ಮಧ್ಯದಿಂದ 60 ಡಿಗ್ರಿ ಆಚೆಗೆ ಕಿರಣ ವಾಲಿಸಿದರೆ ಅದು ಅಗಲವಾಗಿ ಸೊರಗುತ್ತೆ. ಅದಕ್ಕೇ ಸ್ವೀಡನ್ನಿನ ಗ್ರಿಪೆನ್-ಇ ವಿಮಾನದಲ್ಲಿ ಈ ಹಲಗೆಯನ್ನೇ ತಿರುಗುವ ಬುಡದ ಮೇಲೆ ಕೂರಿಸಿದ್ದಾರೆ. ದೂರದ ಲೆಕ್ಕವೂ ಕಠಿಣ. ನೋಡುವ ದೂರ ಎರಡು ಪಟ್ಟು ಬೇಕಾದರೆ, ಉಳಿದದ್ದೆಲ್ಲ ಹಾಗೇ ಇದ್ದರೆ, ಶಕ್ತಿ 16 ಪಟ್ಟು ಬೇಕು.

ಇಲ್ಲಿ ಕರ್ನಾಟಕದ ಹೆಸರೂ ಬರುತ್ತೆ. ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿರುವ ಡಿಆರ್‌ಡಿಒದ ಎಲ್‌ಆರ್‌ಡಿಇ ಪ್ರಯೋಗಾಲಯ ತೇಜಸ್ ವಿಮಾನಕ್ಕಾಗಿ ಉತ್ತಮ್ ಎಂಬ ಏಸಾ ರೇಡಾರ್ ರೂಪಿಸಿದೆ. ಸ್ಟ್ರಾಸ್‌ಬುರ್ಗ್‌ನ ಆ ಕಾಲು ಸುತ್ತಿನ ಲೆಕ್ಕ ಇಲ್ಲಿಯ ಎಂಜಿನಿಯರ್‌ಗಳಿಗೂ ಅದೇ.

ಬ್ರೌನ್‌ಗೆ ಮಾತ್ರ ಇದ್ಯಾವುದೂ ಗೊತ್ತಿರಲಿಲ್ಲ. 1904ರಲ್ಲಿ ಕ್ರಿಶ್ಚಿಯನ್ ಹುಲ್ಸ್‌ಮೇಯರ್ ಎಂಬ ಇನ್ನೊಬ್ಬ ಜರ್ಮನ್, ರೇಡಿಯೊ ಅಲೆ ಹಡಗಿಗೆ ಬಡಿದು ವಾಪಸ್ ಬರೋದನ್ನು ಕೊಲೋನ್‌ನಲ್ಲಿ ಮಾಡಿ ತೋರಿಸಿದ್ದರು. ಅದನ್ನು ಕೊಳ್ಳುವವರು ಸಿಗಲಿಲ್ಲ. ಒಂದೇ ದೇಶದಲ್ಲಿ ಒಂದು ವರ್ಷದ ಅಂತರದಲ್ಲಿ ರೇಡಾರ್‌ನ ಎರಡು ತುಂಡು ಹುಟ್ಟಿದವು. ಆದರೆ ಆಗ ಅವನ್ನು ಜೋಡಿಸುವವರು ಇರಲಿಲ್ಲ.

ನೊಬೆಲ್ ಬಂತು, ಯುದ್ಧವೂ ಬಂತು

1909ರ ಭೌತಶಾಸ್ತ್ರ ನೊಬೆಲ್ ಪ್ರಶಸ್ತಿಯನ್ನು ಮಾರ್ಕೋನಿ ಮತ್ತು ಬ್ರೌನ್ ಇಬ್ಬರಿಗೂ ಹಂಚಿ ಕೊಟ್ಟರು, ವೈರ್‌ಲೆಸ್ ಟೆಲಿಗ್ರಾಫ್ ಬೆಳೆಸಿದ್ದಕ್ಕೆ. ಪ್ರಶಸ್ತಿ ಸಮಯದ ಉಪನ್ಯಾಸದಲ್ಲಿ ಬ್ರೌನ್ ದಿಕ್ಕು ಹಿಡಿದು ಅಲೆ ಕಳಿಸುವ ಪ್ರಯೋಗದ ಬಗ್ಗೆಯೂ ವಿವರಿಸಿದರು. ಹೊಗಳಿಕೆ ಪೂರ್ತಿ ವೈರ್‌ಲೆಸ್‌ಗೆ ಸಂದಿತು. ಹರಳು ಮತ್ತು ಗಾಜಿನ ಕೊಳವೆ ಆ ದಿನ ಲೆಕ್ಕಕ್ಕೆ ಬರಲಿಲ್ಲ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನಿಯ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್‌ಗಳನ್ನು ಬ್ರಿಟನ್ ಕತ್ತರಿಸಿ ಹಾಕಿತು. ಅಮೆರಿಕದ ಜೊತೆ ನೇರ ಮಾತಿಗೆ ಜರ್ಮನಿಗೆ ಉಳಿದದ್ದು ವೈರ್‌ಲೆಸ್. ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡ್‌ನ ಸೇವಿಲ್‌ನಲ್ಲಿ ಟೆಲಿಫುಂಕನ್ ಕಂಪನಿಯ ಕೇಂದ್ರ ಇತ್ತು. ಅದು ತಮ್ಮ ಪೇಟೆಂಟ್ ಉಲ್ಲಂಘಿಸುತ್ತಿದೆ ಅಂತ ಮಾರ್ಕೋನಿ ಕಡೆಯವರು ಕೋರ್ಟಿಗೆ ಹೋದರು. ಕೇಸ್ ಸೋತರೆ ಕೇಂದ್ರ ಬಂದ್. ಪೇಟೆಂಟ್ ಜಗಳದ ಹೆಸರಲ್ಲಿ ಎರಡು ದೇಶಗಳ ಯುದ್ಧ ಕೋರ್ಟಿನ ಕಟಕಟೆಗೆ ಬಂದಿತ್ತು.

ಸಾಕ್ಷಿ ಹೇಳಲು ಬ್ರೌನ್ ಅವರನ್ನೇ ಕರೆಸಿದರು. ವಯಸ್ಸು 64. 1914ರ ಕೊನೆಯಲ್ಲಿ, ಹಿಂದೆ ತಮ್ಮ ಸಹಾಯಕರಾಗಿದ್ದ ಜೋನಾಥನ್ ಝೆನ್ನೆಕ್ ಜೊತೆ, ಬ್ರಿಟಿಷ್ ನೌಕಾಪಡೆ ಕಾವಲಿದ್ದ ಕಡಲು ದಾಟಿ ನ್ಯೂಯಾರ್ಕ್‌ಗೆ ಹೋದರು. ಹೋದ ಕೆಲಸ ಮುಗಿಸಿ ಬರುವ ಪ್ರಯಾಣ ಅದು. ಆದರೆ ವಾಪಸ್ ಬರಲಾಗಲಿಲ್ಲ. 1915ರಲ್ಲಿ ಅಮೆರಿಕದ ನೌಕಾಪಡೆಯೇ ಸೇವಿಲ್ ಕೇಂದ್ರವನ್ನು ತನ್ನ ಕೈಗೆ ತೆಗೆದುಕೊಂಡಿತು. 1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಬ್ರೌನ್ ಶತ್ರು ದೇಶದ ಪ್ರಜೆಯಾದರು. ಊರಿಗೆ ಹೋಗುವ ದಾರಿ ಪೂರ್ತಿ ಮುಚ್ಚಿತು.

ಬ್ರೂಕ್ಲಿನ್‌ನಲ್ಲಿ ಮಗನ ಮನೆಯಲ್ಲಿ ಉಳಿದರು. ಪ್ರಯೋಗಾಲಯ ಇಲ್ಲ, ವಿದ್ಯಾರ್ಥಿಗಳಿಲ್ಲ, ಮೈಯಲ್ಲಿ ಆರೋಗ್ಯವೂ ಇಲ್ಲ. ಹೊಸ ಸಂಶೋಧನೆ ಅಲ್ಲಿಗೇ ನಿಂತಿತು. 1918ರ ಏಪ್ರಿಲ್ 20ರಂದು ಅಲ್ಲೇ ತೀರಿಕೊಂಡರು. ವಯಸ್ಸು 67. ಯುದ್ಧ ಮುಗಿಯಲು ಇನ್ನು ಏಳು ತಿಂಗಳೂ ಇರಲಿಲ್ಲ. ಯುದ್ಧ ಮುಗಿದಾಗ ಅವರು ಇಪ್ಪತ್ತು ವರ್ಷ ದುಡಿದ ಸ್ಟ್ರಾಸ್‌ಬುರ್ಗ್ ಫ್ರಾನ್ಸ್ ಪಾಲಾಗಿತ್ತು. ಅಸ್ಥಿ ಆಮೇಲೆ ಹುಟ್ಟೂರು ಫುಲ್ಡಾ ಸೇರಿತು.

ಪೇಟೆಂಟ್ ಮಾಡಿಸಿದ ವೈರ್‌ಲೆಸ್ ಅವರನ್ನು ಕೋರ್ಟಿಗೆ, ಅಲ್ಲಿಂದ ಪರದೇಶದ ಸಾವಿಗೆ ಒಯ್ದಿತು. ಆ ಕಿಡಿ ಹಾರಿಸುವ ಯಂತ್ರಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಏನು ಉಪಯೋಗ ಅಂತ ಯಾರೂ ಹೇಳಲಾಗದ ಹರಳು, ಪೇಟೆಂಟ್ ಇಲ್ಲದೆ ಬಿಟ್ಟುಕೊಟ್ಟ ಗಾಜಿನ ಕೊಳವೆ, ಯಂತ್ರವಾಗಿ ಮಾರಾಟಕ್ಕೇ ಬಾರದ ಮೂರು ಕಂಬ, ಇವು ಉಳಿದುಕೊಂಡವು. ಪರದೆ ತಂತ್ರಜ್ಞಾನದಲ್ಲಿ ದೊಡ್ಡ ಕೆಲಸ ಮಾಡಿದವರಿಗೆ 1987ರಿಂದ ಬ್ರೌನ್ ಹೆಸರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಕೊಡುತ್ತಾರೆ.

ಇನ್ನೊಮ್ಮೆ ಬೆಂಗಳೂರಿನ ವೈಮಾನಿಕ ಪ್ರದರ್ಶನದಲ್ಲಿ ಮೂತಿಯ ಮುಚ್ಚಳ ತೆಗೆದ ವಿಮಾನವೋ ರೇಡಾರ್ ಮಾದರಿಯೋ ಕಂಡರೆ, ಅದರೊಳಗೆ ಸಾಲಾಗಿ ಕೂತ ಪುಟ್ಟಪುಟ್ಟ ಆಂಟೆನಾಗಳನ್ನು ಗಮನಿಸಿ. ಅವುಗಳಲ್ಲಿ ಮೂರನ್ನು ಎಣಿಸಿದರೆ ಸಾಕು, ಬ್ರೌನ್ ಮೇಷ್ಟ್ರು ನಿಲ್ಲಿಸಿದ್ದು ಅಷ್ಟೇ.